ರಣರಂಗದ ಮಾಹಿತಿ ಹೇಗೆ ಸಿಗುತ್ತದೆ? ಕಣ್ಗಾವಲು ಮತ್ತು ರೆಕಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಗಾವಲು, ರೆಕಿ, ಗುಪ್ತಚರ ಮಾಹಿತಿ: ಮೂರೂ ಒಂದೇ ಅಲ್ವಾ?

ಒಂದೇ ಮನೆಯವು, ಆದರೆ ಕೆಲಸ ಬೇರೆ ಬೇರೆ. ಒಂದು ಜಾಗದ ಮೇಲೆ ಬಿಡದೆ ಕಣ್ಣಿಟ್ಟಿರುವುದು ಕಣ್ಗಾವಲು. ಗಡಿ ಕಂದಕದ ಮೇಲೆ ತಿರುಗುತ್ತಲೇ ಇರುವ ಕ್ಯಾಮೆರಾ, ಆಕಾಶ ಜಾಲಾಡುವ ರೇಡಾರ್ ಇದಕ್ಕೆ ಸೇರುತ್ತವೆ. ರೆಕಿ ಹಾಗಲ್ಲ. 'ಆ ಸೇತುವೆ ಟ್ಯಾಂಕಿನ ಭಾರ ತಡೆಯುತ್ತದಾ?' ಎಂಬಂಥ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ, ಉತ್ತರ ತಂದರೆ ಅದು ರೆಕಿ. ಇವೆರಡರಿಂದ ಬಂದದ್ದನ್ನು ಅಳೆದು, ತೂಗಿ, ಬೇರೆ ಸುದ್ದಿಗಳ ಜೊತೆ ತಾಳೆ ನೋಡಿ, 'ಶತ್ರು ಬಹುಶಃ ಹೀಗೆ ಮಾಡುತ್ತಾನೆ' ಎಂದು ಹೇಳುವ ಹಂತಕ್ಕೆ ಬಂದಾಗ ಅದು ಗುಪ್ತಚರ ಮಾಹಿತಿ ಆಗುತ್ತದೆ. ಸೇನೆಗಳಲ್ಲಿ ಮೂರನ್ನೂ ಸೇರಿಸಿ, ಅವುಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳಿಂದ, ಐಎಸ್‌ಆರ್ ಎನ್ನುತ್ತಾರೆ.

ಸೇನಾಧಿಕಾರಿಗೆ ನಿಜವಾಗಿ ಏನು ಗೊತ್ತಾಗಬೇಕು?

ಶತ್ರು ಎಲ್ಲಿದ್ದಾನೆ, ಎಷ್ಟಿದ್ದಾನೆ, ಅವನ ಹತ್ತಿರ ಏನಿದೆ, ಮುಂದೇನು ಮಾಡಬಹುದು. ಇದು ಎಲ್ಲರೂ ಊಹಿಸುವ ಭಾಗ. ನೆಲ ಮತ್ತು ಹವೆಯನ್ನು ಜನ ಮರೆಯುತ್ತಾರೆ. ಆದರೆ ಬಹಳ ಸಲ ಯುದ್ಧದ ಲೆಕ್ಕ ಬದಲಾಗುವುದು ಅಲ್ಲೇ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕ ಮುಂತಾದ ಮಿತ್ರಪಕ್ಷಗಳು ಜರ್ಮನ್ನರ ಮೇಲೆ ದಾಳಿಗೆ ಇಳಿಯಲಿದ್ದ ಫ್ರಾನ್ಸಿನ ಕರಾವಳಿ ನಾರ್ಮಂಡಿಯ ಉದಾಹರಣೆ ನೋಡಿ. 1943ರ ಡಿಸೆಂಬರ್ 31ರ ರಾತ್ರಿ ಇಬ್ಬರು ಬ್ರಿಟಿಷ್ ಸೈನಿಕರು ಜರ್ಮನ್ ಕಾವಲಿದ್ದ ಕಡಲ ತೀರಕ್ಕೆ ಈಜಿಕೊಂಡು ಹೋದರು. ತಂದದ್ದು ಮರಳು. ಆ ಮರಳಿನ ಕೆಳಗೆ ಮೆತ್ತನೆ ಮಣ್ಣಿದ್ದರೆ ಟ್ಯಾಂಕ್‌ಗಳು ಹೂತುಹೋಗುತ್ತವೆ ಎಂಬ ಭಯವಿತ್ತು. ತೀರದ ಫೋಟೋಗಳಿಗೇನೂ ಕೊರತೆ ಇರಲಿಲ್ಲ. ಆದರೆ ಫೋಟೋದಲ್ಲಿ ಮರಳಿನ ಗಟ್ಟಿತನ ಕಾಣಲ್ಲ. ಮುಂದೆ 1944ರ ಜೂನ್ 5ಕ್ಕೆ ಇಟ್ಟಿದ್ದ ದಾಳಿ 6ಕ್ಕೆ ಹೋದದ್ದು ಕೂಡ ಹವಾಮಾನ ವರದಿಯಿಂದಲೇ.

ಇಲ್ಲಿ ಗಮನಿಸಬೇಕಾದ್ದು: ಮೊದಲು ಪ್ರಶ್ನೆ ಹುಟ್ಟಬೇಕು, ಆಮೇಲೆ ಹುಡುಕಾಟ. ಏನು ಬೇಕು ಎಂದು ಹೇಳದೆ 'ಏನಾದರೂ ಸಿಕ್ಕರೆ ತನ್ನಿ' ಎನ್ನುವ ಅಧಿಕಾರಿಗೆ ರಾಶಿ ರಾಶಿ ವರದಿ ಬರುತ್ತದೆ, ಕೆಲಸಕ್ಕೆ ಬರುವುದು ಅದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು.

ಮಾಹಿತಿ ಎಲ್ಲೆಲ್ಲಿಂದ ಬರುತ್ತದೆ?

ಮನುಷ್ಯರಿಂದ: ಗಸ್ತು ಹೋದವರು, ಸೆರೆ ಸಿಕ್ಕವರು, ಸ್ಥಳೀಯರು, ಗೂಢಚಾರರು. ಚಿತ್ರಗಳಿಂದ: ವಿಮಾನ, ಡ್ರೋನ್, ಉಪಗ್ರಹ. ಗಾಳಿಯಲ್ಲಿ ಹರಿದಾಡುವ ಸಂಕೇತಗಳಿಂದ: ರೇಡಿಯೋ ಮಾತು, ರೇಡಾರ್ ಅಲೆ, ಮೊಬೈಲ್. ವಶಪಡಿಸಿಕೊಂಡ ಕಾಗದ, ನಕ್ಷೆ, ಫೋನ್‌ಗಳಿಂದ. ಈಗ ಎಲ್ಲರ ಕಣ್ಣೆದುರಿಗೇ ಇರುವ ಸುದ್ದಿ ಮತ್ತು ಸೋಷಿಯಲ್ ಮೀಡಿಯಾದಿಂದ.

ಶಬ್ದವೂ ಒಂದು ಮೂಲ. ಇದರ ಕಥೆ ನನಗೆ ತುಂಬಾ ಇಷ್ಟ. ಮೊದಲ ಮಹಾಯುದ್ಧದಲ್ಲಿ ಬೆಟ್ಟದ ಹಿಂದೆ ಅಡಗಿದ್ದ ಫಿರಂಗಿಗಳನ್ನು ಹುಡುಕಲು ಹಲವು ಮೈಕ್ರೋಫೋನ್‌ಗಳನ್ನು ದೂರ ದೂರ ಸಾಲಾಗಿ ಇಡುತ್ತಿದ್ದರು. ಒಂದೇ ಸದ್ದು ಒಂದೊಂದಕ್ಕೆ ಬೇರೆ ಬೇರೆ ಕ್ಷಣದಲ್ಲಿ ತಲುಪುತ್ತದೆ. ಆ ವ್ಯತ್ಯಾಸದಿಂದ ಫಿರಂಗಿ ಇರುವ ಜಾಗವನ್ನು ಲೆಕ್ಕ ಹಾಕಬಹುದು. ಬ್ರಿಟಿಷ್ ಸೇನೆಯಲ್ಲಿ ಈ ಕೆಲಸ ಮಾಡಿಸಿದವರು ವಿಲಿಯಂ ಲಾರೆನ್ಸ್ ಬ್ರ್ಯಾಗ್. 1915ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಾಗ ವಯಸ್ಸು 25, ಇದ್ದದ್ದು ಯುದ್ಧದ ಕೆಲಸದಲ್ಲಿ. ಇದೇ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ.

ಶತ್ರುವಿನ ರೇಡಿಯೋ ಕದ್ದು ಕೇಳುವುದು ಅಷ್ಟು ಸುಲಭವಾ?

ಕೇಳುವುದು ಸುಲಭ, ಅರ್ಥ ಮಾಡಿಕೊಳ್ಳುವುದು ಕಷ್ಟ. ಕೆಲವೊಮ್ಮೆ ಶತ್ರುವೇ ಅದನ್ನೂ ಸುಲಭ ಮಾಡಿಕೊಡುತ್ತಾನೆ. 1914ರ ಆಗಸ್ಟ್‌ನಲ್ಲಿ ಟ್ಯಾನೆನ್‌ಬರ್ಗ್ ಹತ್ತಿರ ರಷ್ಯಾದ ಸೇನೆಗಳು ಎಷ್ಟೋ ಆದೇಶಗಳನ್ನು ಗುಪ್ತ ಲಿಪಿಯಿಲ್ಲದೆ ರೇಡಿಯೋದಲ್ಲಿ ಕಳಿಸಿದವು. ಜರ್ಮನ್ನರು ಕೇಳಿಸಿಕೊಂಡು ಅದಕ್ಕೆ ತಕ್ಕಂತೆ ಸೇನೆ ಸರಿಸಿದರು. ರಷ್ಯಾದ ಒಂದು ಇಡೀ ಸೇನೆ ನಾಶವಾಯಿತು.

ಜಾಣತನದ ಉದಾಹರಣೆ ಮಿಡ್‌ವೇಯದು. 1942ರಲ್ಲಿ ಜಪಾನ್ 'ಎಎಫ್' ಎಂಬ ಜಾಗದ ಮೇಲೆ ದಾಳಿ ಮಾಡಲಿದೆ ಎಂದು ಅಮೆರಿಕದ ಸಂಕೇತ ತಜ್ಞರಿಗೆ ತಿಳಿಯಿತು. ಅದು ಮಿಡ್‌ವೇ ದ್ವೀಪ ಎಂಬುದು ಅವರ ಊಹೆ. ಖಚಿತ ಮಾಡಿಕೊಳ್ಳಲು, 'ನಮ್ಮಲ್ಲಿ ಸಿಹಿನೀರಿನ ಯಂತ್ರ ಕೆಟ್ಟಿದೆ' ಎಂದು ಮಿಡ್‌ವೇಯಿಂದ ಬೇಕಂತಲೇ ಬಹಿರಂಗವಾಗಿ ಸಂದೇಶ ಕಳಿಸಿದರು. ಸ್ವಲ್ಪ ಸಮಯದಲ್ಲೇ 'ಎಎಫ್‌ನಲ್ಲಿ ನೀರಿನ ಕೊರತೆ' ಎಂದು ಜಪಾನಿ ಸಂದೇಶ ಸಿಕ್ಕಿತು. ಜೂನ್ 4ರಂದು ಜಪಾನಿ ನೌಕೆಗಳು ಬಂದಾಗ ಅಮೆರಿಕದ ವಿಮಾನವಾಹಕ ನೌಕೆಗಳು ಕಾದು ಕೂತಿದ್ದವು.

ಸಂದೇಶ ಒಂದಕ್ಷರ ಅರ್ಥವಾಗದಿದ್ದರೂ ಲಾಭವಿದೆ. ಯಾರು ಯಾರಿಗೆ ಎಷ್ಟು ಸಲ ಕರೆ ಮಾಡುತ್ತಾರೆ ಎಂದು ನೋಡಿದರೆ ಯಾವುದು ಮುಖ್ಯ ಠಾಣೆ, ಯಾವುದು ಅದರ ಕೈಕೆಳಗಿನದು ಎಂದು ಗೊತ್ತಾಗುತ್ತದೆ. ಅಲೆ ಯಾವ ದಿಕ್ಕಿನಿಂದ ಬಂತು ಎಂದು ಎರಡು ಮೂರು ಕಡೆಯಿಂದ ಅಳೆದರೆ ಜಾಗವೂ ಸಿಗುತ್ತದೆ. ಗಿಜಿಗುಡುತ್ತಿದ್ದ ರೇಡಿಯೋ ಇದ್ದಕ್ಕಿದ್ದಂತೆ ಮೌನವಾದರೆ, ಅದೂ ಸುದ್ದಿಯೇ. ಏನೋ ನಡೆಯಲಿದೆ ಎಂದು ಅರ್ಥ.

ಆಕಾಶದಿಂದ ನೋಡುವುದು ಯಾವಾಗ ಶುರುವಾಯಿತು?

ವಿಮಾನಕ್ಕಿಂತ ತುಂಬಾ ಮೊದಲು. 1794ರ ಜೂನ್ 26ರಂದು ಫ್ಲೂರಸ್ ಕದನದಲ್ಲಿ ಫ್ರೆಂಚರು ಹಗ್ಗ ಕಟ್ಟಿದ ಬಲೂನು ಹಾರಿಸಿ ಆಸ್ಟ್ರಿಯಾ ಪಡೆಗಳ ಓಡಾಟ ನೋಡಿದರು. ವಿಮಾನದಿಂದ ಯುದ್ಧಕಾಲದ ಮೊದಲ ರೆಕಿ 1911ರ ಅಕ್ಟೋಬರ್ 23ರಂದು ಲಿಬಿಯಾದಲ್ಲಿ ನಡೆಯಿತು. ಹಾರಿಸಿದವರು ಇಟಲಿಯ ಕಾರ್ಲೋ ಪಿಯಾಝಾ.

ವಿಮಾನವನ್ನು ಜನರಲ್‌ಗಳು ಗಂಭೀರವಾಗಿ ತೆಗೆದುಕೊಂಡದ್ದು 1914ರ ಸೆಪ್ಟೆಂಬರ್‌ನಲ್ಲಿ. ಪ್ಯಾರಿಸ್ ಕಡೆ ನುಗ್ಗುತ್ತಿದ್ದ ಜರ್ಮನಿಯ ಮೊದಲ ಸೇನೆ ನಗರದ ಪೂರ್ವಕ್ಕೆ ತಿರುಗಿತು. ಫ್ರೆಂಚ್ ಮತ್ತು ಬ್ರಿಟಿಷ್ ವೈಮಾನಿಕರು ಅದನ್ನು ಮೇಲಿನಿಂದ ಕಂಡರು. ಜರ್ಮನ್ನರ ಪಕ್ಕೆ ತೆರೆದಿತ್ತು. ಅಲ್ಲಿಗೇ ಹೊಡೆದರು. ಮಾರ್ನ್ ಕದನದ ಗೆಲುವಿಗೆ ಇದು ಒಂದು ದೊಡ್ಡ ಕಾರಣ.

ಫೋಟೋ ತೆಗೆಯುವುದರಷ್ಟೇ ಅದನ್ನು ಓದುವುದೂ ಮುಖ್ಯ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಮೆಡ್ಮೆನ್‌ಹ್ಯಾಮ್‌ನಲ್ಲಿ ಇದಕ್ಕಾಗಿಯೇ ಒಂದು ದೊಡ್ಡ ತಂಡವಿತ್ತು. ಒಂದೇ ಜಾಗದ ಎರಡು ಫೋಟೋಗಳನ್ನು ಸ್ವಲ್ಪ ಬೇರೆ ಕೋನದಿಂದ ತೆಗೆದು, ಜೋಡಿ ಮಸೂರದಲ್ಲಿ ನೋಡಿದರೆ ಎತ್ತರ ತಗ್ಗು ಎದ್ದು ಕಾಣುತ್ತವೆ. 1943ರಲ್ಲಿ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಮಹಿಳಾ ಅಧಿಕಾರಿ ಜರ್ಮನಿಯ ಪೀನೆಮುಂಡೆಯ ಚಿತ್ರವೊಂದರಲ್ಲಿ ಉಡಾವಣಾ ಇಳಿಜಾರಿನ ಮೇಲೆ ಕೂತಿದ್ದ ಪುಟ್ಟ ವಿಮಾನದಂಥ ಆಕಾರ ಗುರುತಿಸಿದರು. ಅದು ವಿ-1 ಹಾರುಬಾಂಬ್.

ಉಪಗ್ರಹ ಎಲ್ಲವನ್ನೂ, ಯಾವಾಗಲೂ ನೋಡುತ್ತಿರುತ್ತದೆ ಅಂತಾರಲ್ಲ?

ಸಿನಿಮಾದಲ್ಲಿ ಮಾತ್ರ. ಚಿತ್ರ ತೆಗೆಯುವ ಉಪಗ್ರಹ ಭೂಮಿಗೆ ಹತ್ತಿರದಲ್ಲಿ ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಒಂದು ಜಾಗದ ಮೇಲೆ ಅದು ಇರುವುದು ಕೆಲವೇ ನಿಮಿಷ. ಮೋಡ ಅಡ್ಡ ಬಂದರೆ ಸಾಧಾರಣ ಕ್ಯಾಮೆರಾಕ್ಕೆ ಏನೂ ಕಾಣಲ್ಲ. ಯಾವ ಹೊತ್ತಿಗೆ ತಲೆಯ ಮೇಲೆ ಬರುತ್ತದೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಬಹುದು.

ಈ ಲೆಕ್ಕವನ್ನು ಭಾರತ ಚೆನ್ನಾಗಿಯೇ ಬಳಸಿತು. 1995ರಲ್ಲಿ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆಯ ಸಿದ್ಧತೆ ಅಮೆರಿಕದ ಉಪಗ್ರಹಗಳ ಕಣ್ಣಿಗೆ ಬಿತ್ತು, ಒತ್ತಡ ಬಂತು, ಕೆಲಸ ನಿಂತಿತು. 1998ರಲ್ಲಿ ಸೇನೆಯ 58ನೇ ಎಂಜಿನಿಯರ್ ರೆಜಿಮೆಂಟ್ ಹೆಚ್ಚಿನ ಕೆಲಸ ರಾತ್ರಿ ಮಾಡಿತು. ಬೆಳಗಾಗುವ ಹೊತ್ತಿಗೆ ಯಂತ್ರಗಳು ಹಳೆಯ ಜಾಗಕ್ಕೇ ವಾಪಸ್. ವಿಜ್ಞಾನಿಗಳು ಸೇನಾ ಸಮವಸ್ತ್ರ ಹಾಕಿಕೊಂಡು ಓಡಾಡಿದರು. ಮೇ 11ರಂದು ಪರೀಕ್ಷೆ ನಡೆದ ಮೇಲೆಯೇ ಅಮೆರಿಕಕ್ಕೆ ಗೊತ್ತಾದದ್ದು.

ಹಾಗಂತ ಉಪಗ್ರಹವನ್ನು ಹಗುರವಾಗಿ ನೋಡಬೇಡಿ. 1960ರ ಆಗಸ್ಟ್‌ನಲ್ಲಿ ಅಮೆರಿಕದ ಕೊರೋನಾ ಉಪಗ್ರಹ ಫಿಲ್ಮ್ ರೀಲನ್ನು ಡಬ್ಬಿಯಲ್ಲಿಟ್ಟು ಕೆಳಗೆ ಬಿಟ್ಟಿತು. ಪ್ಯಾರಾಚೂಟ್‌ನಲ್ಲಿ ಇಳಿಯುತ್ತಿದ್ದ ಅದನ್ನು ವಿಮಾನವೊಂದು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯಿತು! ಆ ಒಂದು ರೀಲು ಸೋವಿಯತ್ ನೆಲವನ್ನು ತೋರಿಸಿದ್ದು, ಅದುವರೆಗಿನ ಯು-2 ಬೇಹುಗಾರಿಕೆ ವಿಮಾನಗಳ ಎಲ್ಲ ಹಾರಾಟಗಳೂ ಸೇರಿ ತೋರಿಸಿದ್ದಕ್ಕಿಂತ ಜಾಸ್ತಿ. ಈಗ ಚಿತ್ರ ನೇರವಾಗಿ ರೇಡಿಯೋದಲ್ಲೇ ಬರುತ್ತದೆ. ರೇಡಾರ್ ಉಪಗ್ರಹಗಳು ಮೋಡ, ಕತ್ತಲೆ ಎರಡನ್ನೂ ದಾಟಿ ನೋಡುತ್ತವೆ. ಸಣ್ಣ ಉಪಗ್ರಹಗಳನ್ನು ಹಿಂಡುಹಿಂಡಾಗಿ ಹಾರಿಸುವುದರಿಂದ ಎರಡು ಚಿತ್ರಗಳ ನಡುವಿನ ಅಂತರವೂ ಕಡಿಮೆಯಾಗುತ್ತಿದೆ.

ಡ್ರೋನ್ ಬಂದ ಮೇಲೆ ಬದಲಾಗಿದ್ದೇನು?

ಹೊತ್ತು. ಮೊದಲು ವಿಮಾನ ಹೋಗಿ, ಫೋಟೋ ತೆಗೆದು, ತೊಳೆದು, ಓದಿ, ವರದಿ ಬರೆದು ಫಿರಂಗಿಯವರಿಗೆ ತಲುಪುವಷ್ಟರಲ್ಲಿ ಗುರಿ ಜಾಗ ಬಿಟ್ಟಿರುತ್ತಿತ್ತು. ಈಗ ಡ್ರೋನ್ ನಡೆಸುವವನ ಪಕ್ಕದಲ್ಲೇ ಗುಂಡಿನ ದಾಳಿ ತಿದ್ದುವವನು ಕೂತಿರುತ್ತಾನೆ. ಉಕ್ರೇನ್ ಯುದ್ಧದಲ್ಲಿ ಕಂಡ ಗುರಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಗುಂಡು ಬೀಳುವುದು ಮಾಮೂಲಿ ಆಗಿದೆ.

ಎರಡನೆಯದು, ಯಾರ ಕೈಗೆ ಸಿಕ್ಕಿತು ಎಂಬುದು. 1982ರಲ್ಲಿ ಇಸ್ರೇಲ್ ಲೆಬನಾನ್‌ನ ಬೆಕಾ ಕಣಿವೆಯಲ್ಲಿ ಸಿರಿಯಾದ ಕ್ಷಿಪಣಿ ನೆಲೆಗಳನ್ನು ಹುಡುಕಲು ಡ್ರೋನ್ ಬಳಸಿದಾಗ ಅದು ಕೆಲವೇ ದೇಶಗಳ ಹತ್ತಿರ ಇದ್ದ ವಸ್ತು. 1991ರಲ್ಲಿ ಕುವೈತ್‌ನ ಫೈಲಕಾ ದ್ವೀಪದಲ್ಲಿ ಇರಾಕಿ ಸೈನಿಕರು ಅಮೆರಿಕದ ಪಯನೀರ್ ಡ್ರೋನ್‌ಗೆ ಬಿಳಿ ಬಟ್ಟೆ ಬೀಸಿ ಶರಣಾದರು. ಅದು ಮೇಲೆ ಬಂತೆಂದರೆ ಹಿಂದೆಯೇ ಯುದ್ಧನೌಕೆಯ ಗುಂಡು ಬರುತ್ತದೆ ಎಂದು ಅವರಿಗೆ ಅನುಭವ ಆಗಿತ್ತು. ಈಗ ಮದುವೆ ವಿಡಿಯೋ ತೆಗೆಯುವಂಥ ಡ್ರೋನ್‌ಗಳನ್ನೇ ಸಣ್ಣ ಸಣ್ಣ ತುಕಡಿಗಳೂ ಹಾರಿಸುತ್ತವೆ.

ಡ್ರೋನ್‌ಗೂ ಕಷ್ಟಗಳಿವೆ. ಗಾಳಿ, ಮಳೆ, ಬ್ಯಾಟರಿ ಒಂದು ಕಡೆ. ದೊಡ್ಡ ತಲೆನೋವು ಜ್ಯಾಮಿಂಗ್, ಅಂದರೆ ಶತ್ರು ತನ್ನ ಅಲೆಗಳನ್ನು ಬಿಟ್ಟು ರೇಡಿಯೋ ಸಂಪರ್ಕ ಕೆಡಿಸುವುದು. ರೇಡಿಯೋ ಸಂಪರ್ಕ ಕಡಿದರೆ ಅದು ಕುರುಡು. ಅದಕ್ಕೇ ಈಗ ಹಿಂದೆ ತೆಳ್ಳನೆಯ ಆಪ್ಟಿಕಲ್ ಫೈಬರ್ ತಂತಿ ಬಿಚ್ಚಿಕೊಂಡು ಹಾರುವ ಡ್ರೋನ್‌ಗಳು ಬಂದಿವೆ. ತಂತಿಯನ್ನು ಜ್ಯಾಮ್ ಮಾಡಲು ಆಗಲ್ಲ.

ರಾತ್ರಿ ಹೊತ್ತು ಏನು ಮಾಡುತ್ತಾರೆ?

ನೈಟ್ ವಿಷನ್ ಇರುವ ಚೂರು ಬೆಳಕನ್ನೇ ಹೆಚ್ಚಿಸಿ ತೋರಿಸುತ್ತದೆ. ಥರ್ಮಲ್ ಕ್ಯಾಮೆರಾಕ್ಕೆ ಬೆಳಕೇ ಬೇಡ, ಬಿಸಿ ಸಾಕು. ಆಗಷ್ಟೇ ನಿಲ್ಲಿಸಿದ ಲಾರಿಯ ಎಂಜಿನ್, ಟೆಂಟಿನ ಒಲೆ, ಮನುಷ್ಯರ ಮೈ ಎಲ್ಲ ಹೊಳೆಯುತ್ತವೆ. ದಟ್ಟ ಮಂಜು ಮತ್ತು ಎಲೆ ತುಂಬಿದ ಕಾಡು ಇವುಗಳಿಗೂ ಕಷ್ಟವೇ.

ಇಷ್ಟೆಲ್ಲಾ ಇರುವಾಗ ಕಾಲ್ನಡಿಗೆ ಗಸ್ತು ಇನ್ನೂ ಯಾಕೆ?

ಮೇಲಿನಿಂದ ಕಾಣದ್ದು ಬಹಳ ಇದೆ. ಮನೆಯೊಳಗೆ ಯಾರಿದ್ದಾರೆ, ಮಣ್ಣು ಎಷ್ಟು ಹಸಿ, ನೆಲಬಾಂಬ್ ಎಲ್ಲಿ ಹೂತಿದೆ, ಜನ ಏನು ಮಾತಾಡಿಕೊಳ್ಳುತ್ತಿದ್ದಾರೆ. 1999ರ ಮೇ ತಿಂಗಳ ಆರಂಭದಲ್ಲಿ ಕಾರ್ಗಿಲ್‌ನ ಬಟಾಲಿಕ್ ಕಡೆ ಬೆಟ್ಟದ ಮೇಲೆ ಅಪರಿಚಿತರಿದ್ದಾರೆ ಎಂದು ಸೇನೆಗೆ ಮೊದಲು ಹೇಳಿದವರು ಸ್ಥಳೀಯ ಕುರಿಗಾಹಿಗಳು. ಚಳಿಗಾಲದಲ್ಲಿ ಖಾಲಿ ಬಿಟ್ಟಿದ್ದ ಎತ್ತರದ ಠಾಣೆಗಳಲ್ಲಿ ನುಸುಳುಕೋರರು ಕೂತಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳ ಕಾಡಿನಲ್ಲಿ ಅಡಗಿದ್ದ ಕರಾವಳಿ ವೀಕ್ಷಕರು ಜಪಾನಿ ವಿಮಾನ ಹಾರಿದ್ದನ್ನು ಕಂಡ ಕೂಡಲೇ ರೇಡಿಯೋ ಮಾಡುತ್ತಿದ್ದರು. ಅಲ್ಲಿನ ಗ್ವಾಡಲ್‌ಕೆನಾಲ್ ದ್ವೀಪದಲ್ಲಿದ್ದ ಅಮೆರಿಕದ ಪೈಲಟ್‌ಗಳಿಗೆ ಮೇಲೇರಿ ಕಾಯಲು ಅಷ್ಟು ಹೊತ್ತು ಸಾಕಾಗುತ್ತಿತ್ತು.

ಗಸ್ತಿನವರಿಗೆ ಹೇಳಿಕೊಡುವ ಮೊದಲ ಪಾಠ, ಕಾಣಿಸಿಕೊಳ್ಳದೆ ವಾಪಸ್ ಬರುವುದು. ರೆಕಿ ತಂಡ ಗುಂಡು ಹಾರಿಸಿತು ಎಂದರೆ ಸಾಮಾನ್ಯವಾಗಿ ಏನೋ ಕೆಟ್ಟಿದೆ ಎಂದೇ ಅರ್ಥ. ಬೇಕಂತಲೇ ಗುಂಡು ಹಾರಿಸಿ, ಎಲ್ಲಿಂದ ಉತ್ತರ ಬರುತ್ತದೆ ಎಂದು ನೋಡುವ ಪದ್ಧತಿಯೂ ಇದೆ, ಆದರೆ ಅದಕ್ಕೆ ತಕ್ಕ ಬಲ ಜೊತೆಗಿರಬೇಕು.

ಬಂದ ಸುದ್ದಿಯನ್ನು ಹೇಗೆ ನಂಬುತ್ತಾರೆ?

ತಂದವನನ್ನೂ ತಂದ ಸುದ್ದಿಯನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಅಮೆರಿಕ ಮತ್ತು ಯುರೋಪ್ ದೇಶಗಳ ಸೇನಾ ಕೂಟವಾದ ನೇಟೋದ ಪದ್ಧತಿಯಲ್ಲಿ ಮೂಲಕ್ಕೆ ಎ ಯಿಂದ ಎಫ್ ವರೆಗೆ ಅಕ್ಷರ, ಸುದ್ದಿಗೆ 1ರಿಂದ 6ರವರೆಗೆ ಅಂಕಿ. ಎ ಎಂದರೆ ಪೂರ್ತಿ ನಂಬಬಹುದಾದ ಮೂಲ, 1 ಎಂದರೆ ಬೇರೆ ಕಡೆಯಿಂದಲೂ ಖಚಿತವಾದ ಸುದ್ದಿ. ಎಫ್ ಮತ್ತು 6 ಎಂದರೆ ಸುಳ್ಳು ಅಂತಲ್ಲ, ಅಳೆಯಲು ಆಧಾರ ಸಾಲದು ಅಂತ. ಹೀಗೆ ಬೇರೆ ಮಾಡುವುದಕ್ಕೆ ಕಾರಣವಿದೆ. ಒಳ್ಳೆಯ ಮೂಲವೂ ತಪ್ಪು ಸುದ್ದಿ ತರಬಹುದು. ಸುಳ್ಳುಗಾರನೂ ಒಮ್ಮೊಮ್ಮೆ ನಿಜ ಹೇಳುತ್ತಾನೆ.

ಇಲ್ಲಿನ ದೊಡ್ಡ ಬಲೆ ಒಂದೇ ಸುದ್ದಿ ಮೂರು ದಾರಿಯಲ್ಲಿ ಬರುವುದು. ಒಬ್ಬನೇ ಮನುಷ್ಯ ಮೂರು ಕಡೆ ಹೇಳಿರುತ್ತಾನೆ. ಮೇಜಿನ ಮೇಲೆ ಮೂರು ವರದಿ ಕಂಡವನಿಗೆ 'ಮೂರು ಕಡೆಯಿಂದ ಖಚಿತವಾಯಿತು' ಅನಿಸುತ್ತದೆ. ಅದಕ್ಕೇ ಬೇರೆ ಜಾತಿಯ ಮೂಲಗಳನ್ನು ತಾಳೆ ನೋಡುತ್ತಾರೆ. ಸೆರೆಯಾಳು ಹೇಳಿದ ಜಾಗದಲ್ಲಿ ಚಕ್ರದ ಗುರುತು ಚಿತ್ರದಲ್ಲಿ ಇದೆಯಾ? ಅಲ್ಲಿಂದ ರೇಡಿಯೋ ಸದ್ದು ಬರುತ್ತಿದೆಯಾ? ಎಲ್ಲ ಕೂಡಿಬಂದರೂ ಹಳತಾದರೆ ಉಪಯೋಗವಿಲ್ಲ. ನಿನ್ನೆಯ ಪಕ್ಕಾ ಸುದ್ದಿಗಿಂತ ಈಗಿನ ಅರೆಬರೆ ಸುದ್ದಿಗೇ ಕೆಲವೊಮ್ಮೆ ಬೆಲೆ ಜಾಸ್ತಿ.

ಶತ್ರು ಸುಮ್ನೆ ನೋಡಿಸಿಕೊಂಡು ಇರುತ್ತಾನಾ?

ಇಲ್ಲ. ಮರೆಯಾಗುತ್ತಾನೆ, ಮೌನವಾಗಿರುತ್ತಾನೆ, ಜಾಗ ಬದಲಿಸುತ್ತಾನೆ. ಎಲ್ಲಕ್ಕಿಂತ ಅಪಾಯ, ಅವನು ತನಗೆ ಬೇಕಾದ್ದನ್ನಷ್ಟೇ ನಿಮಗೆ ತೋರಿಸುವುದು.

1944ರಲ್ಲಿ ಮಿತ್ರಪಕ್ಷಗಳು ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಇಲ್ಲದ ಒಂದು ಸೇನೆಯನ್ನೇ ಸೃಷ್ಟಿಸಿದವು. ಹುಸಿ ದೋಣಿಗಳು, ಸುಳ್ಳು ರೇಡಿಯೋ ಸಂದೇಶಗಳು, ಮುಖ್ಯಸ್ಥನಾಗಿ ಅಮೆರಿಕದ ಜನರಲ್ ಪ್ಯಾಟನ್ ಹೆಸರು. ಜೊತೆಗೆ 'ಗಾರ್ಬೋ' ಎಂಬ ಗುಪ್ತನಾಮದ ಸ್ಪೇನ್‌ನ ಹುವಾನ್ ಪುಜೋಲ್. ಜರ್ಮನ್ನರು ಅವನನ್ನು ತಮ್ಮ ಗೂಢಚಾರ ಎಂದುಕೊಂಡಿದ್ದರು, ಅವನು ಕೆಲಸ ಮಾಡುತ್ತಿದ್ದದ್ದು ಬ್ರಿಟನ್‌ಗೆ. ನಾರ್ಮಂಡಿಯಲ್ಲಿ ದಾಳಿ ಶುರುವಾದ ಮೇಲೂ ವಾರಗಟ್ಟಲೆ ಜರ್ಮನ್ ಪಡೆಗಳು ಫ್ರಾನ್ಸಿನ ಇನ್ನೊಂದು ತೀರವಾದ ಕ್ಯಾಲೆ ಬಳಿ ನಿಜವಾದ ದಾಳಿಗೆ ಕಾದವು. ಪುಜೋಲ್‌ಗೆ ಎರಡೂ ಕಡೆಯಿಂದ ಪದಕ ಬಂತು.

ಈ ಕಾಲದಲ್ಲಿ ಸೈನಿಕರ ಜೇಬಿನಲ್ಲೇ ಶತ್ರುವಿಗೆ ಬೇಕಾದ್ದು ಇರುತ್ತದೆ. 2018ರ ಆರಂಭದಲ್ಲಿ ಸ್ಟ್ರಾವಾ ಎಂಬ ಓಟದ ಆ್ಯಪ್‌ನ ಜಾಗತಿಕ ನಕ್ಷೆ ನೋಡಿದವರಿಗೆ ಮರುಭೂಮಿ ಮಧ್ಯೆ ಹೊಳೆಯುವ ಗೆರೆಗಳು ಕಂಡವು. ಅವು ಸೇನಾ ನೆಲೆಗಳ ಒಳಗೆ ಸೈನಿಕರು ಜಾಗಿಂಗ್ ಮಾಡಿದ ದಾರಿಗಳು. 2023ರ ಹೊಸ ವರ್ಷದ ರಾತ್ರಿ ಪೂರ್ವ ಉಕ್ರೇನ್‌ನ ಮಕೀವ್ಕಾದಲ್ಲಿ ರಷ್ಯಾದ ಸೈನಿಕರಿದ್ದ ಕಟ್ಟಡದ ಮೇಲೆ ರಾಕೆಟ್ ಬಿದ್ದಾಗ, ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಎಂದು ರಷ್ಯಾದ ರಕ್ಷಣಾ ಸಚಿವಾಲಯ ಹೇಳಿತು.

ಮಾಹಿತಿ ಕೈಯಲ್ಲಿದ್ದೂ ಸೋಲುವುದು ಯಾಕೆ?

ನನ್ನ ಪ್ರಕಾರ ಈ ಪುಟದ ಅತಿ ಮುಖ್ಯ ಪ್ರಶ್ನೆ ಇದು. ದೊಡ್ಡ ಸೋಲುಗಳಲ್ಲಿ ಕಾಣದೇ ಹೋದದ್ದಕ್ಕಿಂತ ಕಂಡದ್ದನ್ನು ನಂಬದೇ ಹೋದದ್ದೇ ಜಾಸ್ತಿ.

1944ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಆರ್ನ್‌ಹೆಮ್ ಬಳಿ ಪ್ಯಾರಾಚೂಟ್ ಪಡೆ ಇಳಿಸುವ ಮಿತ್ರಪಕ್ಷಗಳ ಯೋಜನೆ ಸಿದ್ಧವಾಗಿತ್ತು. ಬ್ರಿಟಿಷ್ ಗುಪ್ತಚರ ಅಧಿಕಾರಿ ಮೇಜರ್ ಬ್ರಯನ್ ಅರ್ಕರ್ಟ್‌ಗೆ ಅಲ್ಲಿ ಜರ್ಮನ್ ಟ್ಯಾಂಕ್‌ಗಳಿವೆ ಎಂಬ ಅನುಮಾನ. ಫೋಟೋ ತರಿಸಿ ತೋರಿಸಿದರು. ಮೇಲಿನವರು ಯೋಜನೆ ಬಿಡಲು ತಯಾರಿರಲಿಲ್ಲ. ಅರ್ಕರ್ಟ್‌ರನ್ನೇ 'ದಣಿದಿದ್ದೀರಿ' ಎಂದು ರಜೆ ಮೇಲೆ ಕಳಿಸಿದರು. ಸೆಪ್ಟೆಂಬರ್ 17ರಂದು ಇಳಿದ ಪಡೆಗೆ ಆ ಟ್ಯಾಂಕ್‌ಗಳು ನಿಜವಾಗಿಯೂ ಎದುರಾದವು. ಅರ್ಕರ್ಟ್ ಮುಂದೆ ವಿಶ್ವಸಂಸ್ಥೆಯಲ್ಲಿ ಶಾಂತಿಪಾಲನೆಯ ದೊಡ್ಡ ಹೆಸರಾದರು.

1973ರದು ಇನ್ನೂ ಪಾಠದಂಥದ್ದು. ಈಜಿಪ್ಟ್ ಪಡೆಗಳು ಸೂಯೆಜ್ ಕಾಲುವೆ ಬಳಿ ಸೇರುತ್ತಿರುವುದು ಇಸ್ರೇಲ್‌ಗೆ ಕಾಣುತ್ತಿತ್ತು. ಆದರೆ ಈಜಿಪ್ಟ್ ಅದಕ್ಕೂ ಮೊದಲು ಸಾಕಷ್ಟು ಸಲ ಸಮರಾಭ್ಯಾಸ ಎಂದು ಹೀಗೇ ಸೇರಿ ಚದುರಿತ್ತು. 'ಇಸ್ರೇಲಿ ವಾಯುಪಡೆಯನ್ನು ಎದುರಿಸುವ ಶಕ್ತಿ ಬರುವವರೆಗೆ ಈಜಿಪ್ಟ್ ಯುದ್ಧಕ್ಕೆ ಬರಲ್ಲ' ಎಂಬ ನಂಬಿಕೆ ಇಸ್ರೇಲಿ ಗುಪ್ತಚರರಲ್ಲಿ ಗಟ್ಟಿಯಾಗಿತ್ತು. ಬಂದ ಪ್ರತಿ ಸುಳಿವನ್ನೂ ಆ ನಂಬಿಕೆಗೆ ಹೊಂದಿಸಿಕೊಂಡರು. ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಒಟ್ಟಿಗೆ ಮೇಲೆ ಬಿದ್ದವು.

ತಪ್ಪು ಓದಿದರೆ ಏನಾಗುತ್ತದೆ?

ಅಮಾಯಕರು ಸಾಯುತ್ತಾರೆ. 1999ರ ಮೇ 7ರಂದು, ಯುಗೊಸ್ಲಾವಿಯಾ ಮೇಲೆ ನೇಟೋ ದಾಳಿ ನಡೆಯುತ್ತಿದ್ದಾಗ, ಅದರ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಚೀನಾದ ರಾಯಭಾರ ಕಚೇರಿ ಮೇಲೆ ಅಮೆರಿಕದ ಬಾಂಬ್ ಬಿದ್ದು ಮೂವರು ಸತ್ತರು. ಕಟ್ಟಡವನ್ನು ತಪ್ಪಾಗಿ ಗುರುತಿಸಿದ್ದೆವು ಎಂದು ಅಮೆರಿಕ ಹೇಳಿತು. ಚೀನಾ ಆ ಮಾತನ್ನು ಒಪ್ಪಲಿಲ್ಲ.

2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಒಂದು ಬಿಳಿ ಕಾರನ್ನು ಅಮೆರಿಕದ ಡ್ರೋನ್‌ಗಳು ಗಂಟೆಗಟ್ಟಲೆ ಹಿಂಬಾಲಿಸಿದವು. ಕಾರಿಗೆ ತುಂಬಿದ್ದು ನೀರಿನ ಕ್ಯಾನ್‌ಗಳು, ನೋಡಿದವರು ಅಂದುಕೊಂಡದ್ದು ಸ್ಫೋಟಕ. ಕ್ಷಿಪಣಿ ಹಾರಿತು. ಸತ್ತ 10 ಮಂದಿಯೂ ಸಾಮಾನ್ಯ ಜನ, ಅದರಲ್ಲಿ 7 ಮಕ್ಕಳು. ಸುಮಾರು ಮೂರು ವಾರಗಳ ನಂತರ ಅಮೆರಿಕ ತಪ್ಪೊಪ್ಪಿಕೊಂಡಿತು. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡಿದ್ದರೂ ಹೀಗಾಯಿತು. ಚಿತ್ರ ಸ್ಪಷ್ಟವಿದ್ದರೆ ಸಾಕು ಎನ್ನುವವರು ಇದನ್ನು ಎರಡು ಸಲ ಓದಬೇಕು.

ರೆಕಿಗೆ ಹೋಗಿ ಸಿಕ್ಕಿಬಿದ್ದ ಸೈನಿಕ ಗೂಢಚಾರನಾ?

ಸಮವಸ್ತ್ರದಲ್ಲಿದ್ದರೆ ಅಲ್ಲ. 1907ರ ಹೇಗ್ ನಿಯಮಗಳ ಪ್ರಕಾರ ವೇಷ ಮರೆಸದೆ ಶತ್ರು ನೆಲಕ್ಕೆ ಮಾಹಿತಿಗಾಗಿ ಹೋದ ಸೈನಿಕ ಯುದ್ಧಕೈದಿ. ವೇಷ ಮರೆಸಿ ಹೋದವನು ಗೂಢಚಾರ, ಆದರೆ ಅವನನ್ನೂ ವಿಚಾರಣೆ ಇಲ್ಲದೆ ಶಿಕ್ಷಿಸುವಂತಿಲ್ಲ. ಅವನು ತಪ್ಪಿಸಿಕೊಂಡು ತನ್ನ ಸೇನೆ ಸೇರಿ, ಆಮೇಲೆ ಸಿಕ್ಕಿಬಿದ್ದರೆ ಹಳೆಯ ಗೂಢಚಾರಿಕೆಗೆ ಶಿಕ್ಷೆ ಇಲ್ಲ.

ಈಗ ಎಐ ಇದೆಯಲ್ಲ, ಮನುಷ್ಯರು ಬೇಕಾ?

ಬೇಕು. ಡ್ರೋನ್‌ಗಳು ತರುವ ವಿಡಿಯೋ ಪೂರ್ತಿ ನೋಡಿ ಮುಗಿಸಲು ಯಾವ ಸೇನೆಯಲ್ಲೂ ಅಷ್ಟು ಜನರಿಲ್ಲ. ಅಮೆರಿಕ 2017ರಲ್ಲಿ ಪ್ರಾಜೆಕ್ಟ್ ಮೇವನ್ ಶುರು ಮಾಡಿದ್ದೇ ಇದಕ್ಕೆ. ವಿಡಿಯೋದಲ್ಲಿ ವಾಹನ ಯಾವುದು, ಮನುಷ್ಯ ಯಾರು ಎಂದು ಯಂತ್ರ ಗುರುತು ಹಾಕುತ್ತದೆ. ಹುಡುಕುವ ಕೆಲಸ ಬೇಗ ಆಗುತ್ತದೆ. ಆದರೆ ಆ ವಾಹನ ಅಲ್ಲಿ ಯಾಕಿದೆ ಎಂದು ಅದು ಹೇಳಲ್ಲ. ಯಂತ್ರ ಗುರುತು ಹಾಕಿದೆ ಎಂಬ ಒಂದೇ ಕಾರಣಕ್ಕೆ ನೋಡುವವನು ತಲೆಯಾಡಿಸಿಬಿಡುವ ಅಪಾಯವೂ ಇದೆ.

ಸೇನೆಯ ಓಡಾಟದ ವಿಡಿಯೋ ಕಂಡರೆ ಹಂಚಿಕೊಳ್ಳಬಹುದಾ?

ಬೇಡ. ನಿಮಗೆ ಅದು ಬರೀ ಹತ್ತು ಸೆಕೆಂಡಿನ ಲಾರಿ ಸಾಲು. ಓದಲು ಬರುವವನಿಗೆ ಹಿಂದಿನ ಬೆಟ್ಟದ ಗೆರೆ, ಕರೆಂಟ್ ಕಂಬ, ಅಂಗಡಿ ಬೋರ್ಡ್ ಸೇರಿದರೆ ಜಾಗ ಸಿಗುತ್ತದೆ. ನೆರಳಿನ ಉದ್ದ ನೋಡಿ ಹೊತ್ತು ಲೆಕ್ಕ ಹಾಕುತ್ತಾನೆ. ಲಾರಿಯ ಮೇಲಿನ ಗುರುತಿನಿಂದ ಯಾವ ತುಕಡಿ ಎಂದು ತಿಳಿಯುತ್ತಾನೆ. 2008ರಲ್ಲಿ ಮುಂಬೈ ದಾಳಿ ನಡೆಯುತ್ತಿದ್ದಾಗ ಟಿವಿಯ ನೇರ ಪ್ರಸಾರ ನೋಡಿಕೊಂಡೇ ಪಾಕಿಸ್ತಾನದಲ್ಲಿ ಕೂತವರು ಫೋನಿನಲ್ಲಿ ಉಗ್ರರಿಗೆ ಸೂಚನೆ ಕೊಡುತ್ತಿದ್ದರು. ಹಂಚಲೇಬೇಕು ಅನಿಸಿದರೆ, ಎಲ್ಲ ಮುಗಿದು ಪಡೆಗಳು ಜಾಗ ಬಿಟ್ಟ ಮೇಲೆ ಹಂಚಿ.